ಬರೆದಿಟ್ಟದ್ದೇ ನಿಮ್ಮದು: ದಿನದಿನದ ನಲಿವಿಗೆ ಹತ್ತು ಸೂತ್ರಗಳು

ತುಮಕೂರು ಜಿಲ್ಲೆಯ ಉತ್ತರ ತುದಿಯಲ್ಲಿ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿವೆ. ಇವು ಸುದ್ದಿಯಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಬರ ಬಿದ್ದಾಗ, ಇಲ್ಲವೇ ಚುನಾವಣೆ ಬಂದಾಗ. ಅದನ್ನೇ ಕೇಳುತ್ತ ಬೆಳೆದ ನಮ್ಮ ಹುಡುಗ ಹುಡುಗಿಯರು ‘ನಮ್ಮೂರಲ್ಲಿ ಏನಿದೆ ಸಾರ್?’ ಅನ್ನುತ್ತಾರೆ. ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವಾಗ, ಕೆಲಸದ ಜೊತೆಗೆ ಖುಷಿಯೂ ಅಲ್ಲೇ ಎಲ್ಲೋ ಕಾದಿದೆ ಎಂದು ನಂಬಿರುತ್ತಾರೆ. ಕೆಲಸದ ಮಾತು ಸರಿ. ಖುಷಿಯ ಮಾತಿಗೆ ನನ್ನ ತಕರಾರಿದೆ. ಖುಷಿ ನಮ್ಮ ಹಟ್ಟಿ, ಹೊಲ, ಬಸ್‌ಸ್ಟ್ಯಾಂಡುಗಳಿಗೆ ದಿನಾ ಬಂದು ಹೋಗುತ್ತದೆ. ಅದನ್ನು ಗುರುತು ಹಾಕಿಕೊಳ್ಳುವವರು ಕಡಿಮೆ, ಅಷ್ಟೆ. ಗುರುತು ಹಾಕಿಕೊಳ್ಳಲು ಒಂದು ನೋಟ್‌ಬುಕ್ಕು, ಒಂದು ಪೆನ್ನು ಸಾಕು. ಉಳಿದದ್ದು ಅಭ್ಯಾಸದ ಮಾತು.

1. ಮಾಮೂಲಿ ದಿನವನ್ನೇ ಬರೆಯಿರಿ

ಮದುವೆ, ಗೃಹಪ್ರವೇಶ, ತಿರುಪತಿ ಯಾತ್ರೆ ಇವಕ್ಕೆಲ್ಲ ಫೋಟೋ ಇರುತ್ತದೆ. ಏನೂ ನಡೆಯದ ಮಂಗಳವಾರಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಅದನ್ನೇ ಹಿಡಿದಿಡಿ. ಸಂತೆಯಲ್ಲಿ ಟೊಮೆಟೊ ಏನು ರೇಟು, ಅವ್ವ ಯಾರ ಮೇಲೆ ರೇಗಿದಳು, ಮಧುಗಿರಿ ಬಸ್ಸಿನಲ್ಲಿ ಪಕ್ಕ ಕೂತವರು ಏನಂದರು, ಮಧ್ಯಾಹ್ನದ ಸಾರಿಗೆ ಏನು ಸೊಪ್ಪು ಬಿತ್ತು.

ಇದು ಕೆಲಸಕ್ಕೆ ಬರುತ್ತದೆ ಎನ್ನುವುದಕ್ಕೆ ಒಳ್ಳೆಯ ಪುರಾವೆಯೇ ಇದೆ. ಅಮೆರಿಕದ ಹಾರ್ವರ್ಡ್‌ನಲ್ಲಿ ಟಿಂಗ್ ಜಾಂಗ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಂದ ಆಯಾ ದಿನಗಳ ಸಣ್ಣಪುಟ್ಟ ಸಂಗತಿಗಳನ್ನು ಬರೆಸಿಟ್ಟರು. ಈಚಿನ ಮಾತುಕತೆ, ಕೇಳುತ್ತಿದ್ದ ಹಾಡು, ಗೆಳೆಯರ ನಡುವಿನ ತಮಾಷೆ, ಇಂಥವು. ಮೂರು ತಿಂಗಳಾದ ಮೇಲೆ ಅದನ್ನು ತೆರೆದು ಓದಿಸಿದಾಗ, ತಾವು ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಕುತೂಹಲ, ಹೆಚ್ಚು ಸಂತೋಷ ಅವರಿಗೆ ಸಿಕ್ಕಿತು. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ಸ್ವಾರಸ್ಯ ಇನ್ನೊಂದು ಕಡೆಯಿದೆ. ವಿಶೇಷ ದಿನದ ಬಗ್ಗೆ ಜನರ ಅಂದಾಜು ಅಷ್ಟೇನೂ ತಪ್ಪಲಿಲ್ಲ. ಸಾದಾ ದಿನದ ಬರಹ ಮುಂದೆ ಎಷ್ಟು ಖುಷಿ ಕೊಟ್ಟೀತು ಎಂಬ ಲೆಕ್ಕದಲ್ಲೇ ಅವರು ಹೆಚ್ಚು ಎಡವಿದ್ದರು.

2. ಒಂದೇ ವಸ್ತು, ತೀರಾ ಹತ್ತಿರದಿಂದ

‘ಹೊಲ ಹಸಿರಾಗಿತ್ತು, ಮನಸ್ಸಿಗೆ ಮುದವಾಯಿತು’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಆ ವಾಕ್ಯ ಯಾವ ಊರಿನದಾದರೂ ಆಗಬಹುದು.

ಪಾವಗಡ, ಶಿರಾ ಕಡೆ ಹುಟ್ಟಿದವರಿಗೆ ಕಡಲೆಕಾಯಿ ಹೊಲ ಹೊಸದಲ್ಲ. ಆದರೂ ಬಿತ್ತಿ ತಿಂಗಳು ದಾಟಿದ ಮೇಲೆ ಒಂದು ಬೆಳಿಗ್ಗೆ ಹೊಲಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡಿ. ಎಲೆಗಳ ಬುಡದಲ್ಲಿ ಬೆರಳ ಉಗುರಿನಷ್ಟು ಅಗಲದ ಹಳದಿ ಹೂವು ಅರಳಿರುತ್ತದೆ. ಬಿಸಿಲೇರಿದಂತೆ ಬಾಡುತ್ತದೆ. ಬಾಡಿತಲ್ಲ, ಮುಗಿಯಿತು ಎಂದು ಎದ್ದುಬಿಡಬೇಡಿ. ಕೆಲವು ದಿನ ಬಿಟ್ಟು ಅದೇ ಗಿಡಕ್ಕೆ ಮತ್ತೆ ಹೋಗಿ. ಹೂವಿದ್ದ ಜಾಗದಿಂದ ಸೂಜಿಯಂಥ ಒಂದು ಎಳೆ ನೆಲದ ಕಡೆ ಬಾಗಿರುತ್ತದೆ. ರೈತರು ಇದನ್ನು ಊಡು ಅನ್ನುತ್ತಾರೆ. ತುದಿ ಕೆನ್ನೀಲಿಗೆ ತಿರುಗಿ, ಮಣ್ಣು ಸಡಿಲವಿದ್ದ ಕಡೆ ಇಳಿದು, ಒಳಗೆ ಹೋಗಿ ಅಡ್ಡ ತಿರುಗಿ ಕಾಯಿ ಕಟ್ಟುತ್ತದೆ. ಹೂವು ಬೆಳಕಿನಲ್ಲಿ, ಕಾಯಿ ಕತ್ತಲಲ್ಲಿ. ಊಡು ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಬಿಗಿದರೆ ಬೆಳೆ ಹೋಯಿತು. ರೈತ ಆ ವಾರಗಳಲ್ಲಿ ಮೋಡ ನೋಡುತ್ತ ನಿಲ್ಲುವುದೇಕೆ ಎಂಬುದನ್ನು, ಗಿಡದ ಬುಡದಲ್ಲಿ ಕೂತು ನೋಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟನ್ನು ಒಂದು ಪುಟದಲ್ಲಿ ಬರೆದರೆ ಆ ದಿನ ನಿಮ್ಮ ಕೈಗೆ ಸಿಕ್ಕಂತೆ. ಬರೆಯುವುದಕ್ಕೆಂದೇ ನೋಡುವಾಗ ಕಣ್ಣು ಚುರುಕಾಗುತ್ತದೆ. ಆ ಚುರುಕಿನಲ್ಲೇ ಅರ್ಧ ಖುಷಿಯಿದೆ.

3. ಬಿರುದು ಬಿಡಿ, ಕಾಲಿಗೆ ಸಿಕ್ಕಿದ್ದು ಬರೆಯಿರಿ

ಮಧುಗಿರಿಯ ಏಕಶಿಲಾ ಬೆಟ್ಟದ ಎತ್ತರ 3,930 ಅಡಿ. ಏಷ್ಯಾದಲ್ಲಿ ಎರಡನೆಯದು ಎಂದು ಹೇಳುವುದು ರೂಢಿ. ಬಂದವರು ಅದನ್ನೇ ಬರೆದುಕೊಂಡು ಹೋಗುತ್ತಾರೆ. ಎರಡನೆಯದೋ ಇಪ್ಪತ್ತನೆಯದೋ, ಬೆಟ್ಟಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಕೆಳಗಿನ ಕೋಟೆ ಬಾಗಿಲುಗಳನ್ನು ದಾಟಿದ ಮೇಲೆ ಬಂಡೆ ನೆಟ್ಟಗಾಗುತ್ತದೆ. ಮೆಟ್ಟಿಲುಗಳು ಬರಬರುತ್ತ ಬರೀ ಕಾಲೂರುವ ಕಚ್ಚುಗಳಾಗುತ್ತವೆ. ಅಲ್ಲಿ ಚಪ್ಪಲಿ ಕೈಗೆ ಬರುತ್ತದೆ, ಮಾತು ನಿಲ್ಲುತ್ತದೆ. ತುದಿಯಲ್ಲಿ ಗೋಪಾಲಕೃಷ್ಣ ಗುಡಿಯ ಹಾಳುಗೋಡೆಗಳಿವೆ, ಗಾಳಿ ಬೆವರನ್ನು ಒಂದೇ ಉಸಿರಿಗೆ ಒಣಗಿಸುತ್ತದೆ. ನಿಮಗೆ ಭಯವಾದ ತಿರುವು ಯಾವುದು, ಇಳಿಯುವಾಗ ಯಾರು ಕೈ ಕೊಟ್ಟರು, ಕೆಳಗೆ ಬಂದು ಕುಡಿದ ಮಜ್ಜಿಗೆ ಹೇಗಿತ್ತು? ಪುಸ್ತಕದಲ್ಲಿ ಇದು ಸಿಗುವುದಿಲ್ಲ, ನೀವು ಬರೆದರೆ ಮಾತ್ರ ಉಂಟು.

ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟಕ್ಕೂ ಇದೇ ಮಾತು. ಗಿಡಮೂಲಿಕೆಯ ಬೆಟ್ಟ ಎಂದು ಜಿಲ್ಲೆಗೆಲ್ಲ ಗೊತ್ತು. ಮುಂದಿನ ಸಲ ಹತ್ತುವಾಗ ಮೂರು ಗಿಡಗಳ ಹೆಸರನ್ನು, ತಿಳಿದವರೊಬ್ಬರನ್ನು ಕೇಳಿ ಕಲಿತುಕೊಂಡೇ ಗುಹೆಯ ಸಿದ್ಧೇಶ್ವರನ ಹತ್ತಿರ ಹೋಗಿ. ಹೆಸರು ತಿಳಿದ ಗಿಡ ಆಮೇಲೆ ದಾರಿಯುದ್ದಕ್ಕೂ ಕಣ್ಣಿಗೆ ಬೀಳುತ್ತದೆ.

4. ಕಂಡೂ ಕಾಣದ್ದನ್ನು ಹುಡುಕಿ

ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು 1993ರಿಂದ ಬಂದು ಗೂಡು ಕಟ್ಟುತ್ತಿವೆ. ಹೊರಗಿನವರಿಗೆ ವಿಷಯ ತಿಳಿದದ್ದು 1999ರ ಹೊತ್ತಿಗೆ, ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನವರು ಹೋಗಿ ನೋಡಿ ಬಂದ ಮೇಲೆ. ಅಷ್ಟು ವರ್ಷ ಊರಿನವರು ಯಾವ ಬೋರ್ಡೂ ಹಾಕಲಿಲ್ಲ. ಹಕ್ಕಿ ಗೂಡಿದ್ದ ಮರದ ಹುಣಸೆ ಬಡಿಯದೆ ಬಿಟ್ಟರು. ಹುಣಸೆ ಅಂದರೆ ಈ ಸೀಮೆಯಲ್ಲಿ ಕಾಸು. ಆ ಕಾಸನ್ನು ಹಕ್ಕಿಗೆಂದು ಬಿಟ್ಟುಕೊಟ್ಟ ಮನೆಗಳ ಕಥೆ ಬರೆಯುವ ಮಕ್ಕಳು ಆ ಊರಿನ ಶಾಲೆಯಲ್ಲೇ ಹುಟ್ಟಬೇಕು ಎಂಬುದು ನನ್ನ ಆಸೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲೂ ಹಾಗೆಯೇ. ನೋಡಿದವರಿಗೆ ಅದು ಬೀಳು ಬಿದ್ದ ಬಯಲು. ಅಲ್ಲಿ ಕೃಷ್ಣಮೃಗಗಳ ಹಿಂಡು ಬಾಳುತ್ತಿತ್ತು. 2007ರಲ್ಲಿ ಸುಮಾರು 798 ಎಕರೆ ಜಾಗ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ನಾವು ‘ಏನೂ ಇಲ್ಲ’ ಅನ್ನುವ ಜಾಗಕ್ಕೆ ಒಂದು ಬೆಳಿಗ್ಗೆ ಕೊಟ್ಟು ನೋಡಬೇಕು.

ನಿಮಗೊಂದು ಕೆಲಸ: ಮನೆಯಿಂದ ಐದು ಕಿಲೋಮೀಟರಿನ ಒಳಗೆ, ನೀವು ಹುಟ್ಟಿದಾಗಿನಿಂದ ನೋಡುತ್ತಿದ್ದರೂ ಹತ್ತಿರ ಹೋಗದ ಒಂದು ಜಾಗ ಆರಿಸಿ. ಕೆರೆ ತೂಬು, ವೀರಗಲ್ಲು, ಹಾಳುಬಾವಿ ಏನಾದರೂ ಆಗಲಿ. ಹೋಗಿ, ಅಳತೆ ಹಾಕಿ, ಕಂಡದ್ದನ್ನು ಬರೆದು ತನ್ನಿ.

5. ನೋವನ್ನು ಹೊರಗಿಡಬೇಡಿ

ಸಂತೋಷದ ಸೂತ್ರ ಹೇಳುವವರು ಸಾಮಾನ್ಯವಾಗಿ ಒಳ್ಳೆಯದನ್ನೇ ನೆನೆಯಿರಿ ಅನ್ನುತ್ತಾರೆ. ಅದು ಉಂಡುಟ್ಟವರ ಸಲಹೆ. ನಮ್ಮ ಸೀಮೆಯ ಬದುಕಿನಲ್ಲಿ ಹಸಿವಿತ್ತು, ಜಾತಿಯ ಅವಮಾನವಿತ್ತು, ಗುಳೆ ಹೋದ ವರ್ಷಗಳಿದ್ದವು. ಅವನ್ನು ಬಿಟ್ಟು ಬರೆದ ಡೈರಿ ಸುಳ್ಳಾಗುತ್ತದೆ. ಸುಳ್ಳು ಬರೆದು ಯಾರಿಗೂ ಹಗುರಾಗುವುದಿಲ್ಲ.

ಕೊರಟಗೆರೆ ತಾಲ್ಲೂಕಿನ ತುಂಬಾಡಿಯಿಂದ ಬಂದ ಆತ್ಮಕಥೆಯನ್ನು ನಾನು ಪರಿಚಯವಾದ ಎಳೆಯರಿಗೆಲ್ಲ ಓದಿ ಎಂದು ಹೇಳುತ್ತಿರುತ್ತೇನೆ. ತುಂಬಾಡಿ ರಾಮಯ್ಯನವರ ‘ಮಣೆಗಾರ’ ಅದರ ಹೆಸರು. ದಲಿತ ಕೇರಿಯ ಬಾಲ್ಯ, ಬಡತನ, ಅಸ್ಪೃಶ್ಯತೆ ಎಲ್ಲವೂ ಅದರಲ್ಲಿ ಈ ನೆಲದ ಆಡುಮಾತಿನ ಬನಿಯೊಡನೆ ಬಂದಿವೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನೂ ಜೊತೆಗಿಟ್ಟುಕೊಂಡು ಓದಿ. ಅಷ್ಟು ಕಷ್ಟದ ನಡುವೆಯೂ ನಗು ಎಲ್ಲಿಂದ ಬಂತು ಎಂದು ಬೆರಗಾಗುತ್ತದೆ. ಆದದ್ದನ್ನು ಆದ ಹಾಗೆ ಬರೆಯುವ ಧೈರ್ಯ ಬಂದ ಮೇಲೆ ಆ ಘಟನೆ ಬರೆದವರ ಹಿಡಿತಕ್ಕೆ ಬರುತ್ತದೆ ಎಂದು ನನಗೆ ಈ ಪುಸ್ತಕಗಳಿಂದ ಮನವರಿಕೆಯಾಗಿದೆ.

ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೇ ದಿಕ್ಕಿಗೆ ಕೈ ತೋರಿಸುತ್ತದೆ. ವಿದ್ಯಾರ್ಥಿಗಳು ಸಾಲಾಗಿ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸಿಗೆ ಬಿದ್ದ ಪೆಟ್ಟಿನ ಬಗ್ಗೆ ಬರೆದರು. ಬರೆದ ದಿನ ಸಂಕಟ ಹೆಚ್ಚಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ.

ಒಂದು ಎಚ್ಚರಿಕೆ. ಬರೆಯುತ್ತ ಬರೆಯುತ್ತ ನಿದ್ದೆ ಕೆಟ್ಟರೆ, ಮನಸ್ಸು ಇನ್ನೂ ಕುಸಿದರೆ, ಪೆನ್ನು ಕೆಳಗಿಡಿ. ನಂಬಿಕಸ್ಥರ ಹತ್ತಿರ ಮಾತಾಡಿ, ವೈದ್ಯರನ್ನು ಕಾಣಿ. ನೋಟ್‌ಬುಕ್ಕು ಆಸ್ಪತ್ರೆಯಲ್ಲ.

6. ಮನೆಮಾತನ್ನು ತಿದ್ದಬೇಡಿ

ಪಾವಗಡದಲ್ಲಿ ಕನ್ನಡದ ಜೊತೆ ತೆಲುಗು ನಡೆಯುತ್ತದೆ, ಶಿರಾ ಪೇಟೆಯಲ್ಲಿ ಉರ್ದು. ಗೊಲ್ಲರ ಹಟ್ಟಿಯ ಕನ್ನಡಕ್ಕೆ ಬೇರೆಯೇ ಗತ್ತು. ಅಜ್ಜಿ ಹೇಗೆ ಹೇಳಿದರೋ ಹಾಗೇ ಬರೆಯಿರಿ. ಪರೀಕ್ಷೆ ಪೇಪರಿನ ಕನ್ನಡಕ್ಕೆ ತಿರುಗಿಸಿದ ಕೂಡಲೇ ಅಜ್ಜಿ ಆ ಪುಟದಿಂದ ಎದ್ದು ಹೋಗುತ್ತಾರೆ. ಶಿರಾ ತಾಲ್ಲೂಕಿನ ಬರಗೂರಿನಲ್ಲಿ ಹುಟ್ಟಿದ ಬರಗೂರು ರಾಮಚಂದ್ರಪ್ಪ, ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯ ದೊಡ್ಡರಂಗೇಗೌಡ ಇಬ್ಬರೂ ಹಳ್ಳಿಯ ಮಾತನ್ನು ಕಿವಿಯಲ್ಲಿಟ್ಟುಕೊಂಡೇ ನಾಡಿಗೆಲ್ಲ ಕೇಳಿಸುವಂತೆ ಬರೆದವರು. ದೊಡ್ಡರಂಗೇಗೌಡರು 2023ರ ಹಾವೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು.

7. ಕೇಳಿಸಿಕೊಳ್ಳುವುದೂ ಬರವಣಿಗೆಯೇ

ಕೊರಟಗೆರೆಯ ನಂಟಿದ್ದ ಎಸ್.ಕೆ. ಕರೀಂಖಾನ್ ಅವರನ್ನು ಕನ್ನಡಿಗರು ‘ಜಾನಪದ ಜಂಗಮ’ ಎಂದು ಕರೆದರು. ಊರೂರು ಅಲೆದು ಜನಪದ ಹಾಡುಗಳನ್ನು ಕೂಡಿಹಾಕಿ, ತಾವೇ ಹಾಡುತ್ತ, ನೂರರ ಅಂಚಿನವರೆಗೆ ಬಾಳಿ 2006ರಲ್ಲಿ ತೀರಿಕೊಂಡರು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಸಾವಿರಾರು ಹಾಡು ನಾಲಗೆಯ ಮೇಲಿತ್ತು. ಕೃಷ್ಣಮೂರ್ತಿ ಹನೂರರಂಥವರು ಕೂತು ಕೇಳಿ ಬರೆದುಕೊಳ್ಳದಿದ್ದರೆ ಆ ಸಂಪತ್ತು ಅಜ್ಜಿಯ ಜೊತೆಯೇ ಮಣ್ಣಾಗುತ್ತಿತ್ತು.

ನಿಮ್ಮ ಮನೆಯ ಜಗಲಿಯ ಮೇಲೂ ಯಾರೋ ಕೂತಿದ್ದಾರೆ. ‘ನಿಮ್ಮ ಜೀವನ ಹೇಗಿತ್ತು’ ಎಂದು ಕೇಳಬೇಡಿ. ‘ಏನಿರ್ತದೆ ಬಿಡಪ್ಪ’ ಎಂಬ ಒಂದೇ ಉತ್ತರ ಬರುತ್ತದೆ. ಹೀಗೆ ಕೇಳಿ: ಮೊದಲು ಕರೆಂಟು ಬಂದ ದಿನ ಯಾರ ಮನೆಯಲ್ಲಿ ದೀಪ ಹತ್ತಿತು? ನಿಮ್ಮ ಮದುವೆಗೆ ಏನು ಅಡುಗೆ? ಈ ಬಾವಿ ತೋಡಿದವರು ಯಾರು, ಎಷ್ಟು ಆಳಕ್ಕೆ ನೀರು ಸಿಕ್ಕಿತು? ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಯಾದರೆ, ಹಟ್ಟಿಯ ದೈವ ಜುಂಜಪ್ಪನ ಕಥೆ ಹಾಡುವಾಗ ಗಣೆ ಊದುತ್ತಿದ್ದವರು ಯಾರು, ಆ ಉದ್ದನೆಯ ಬಿದಿರ ಕೊಳಲು ಈಗ ಯಾರ ಮನೆಯಲ್ಲಿದೆ? ಇಂಥ ಪ್ರಶ್ನೆಗೆ ಮುದುಕರ ಕಣ್ಣು ಅರಳುತ್ತದೆ. ಮಾತು ಊಟದ ಹೊತ್ತು ದಾಟುತ್ತದೆ. ಆ ಸಂಜೆ ಖುಷಿ ಕೇಳಿದವರಿಗೂ ಹೇಳಿದವರಿಗೂ ಸಮನಾಗಿ ಸಿಗುತ್ತದೆ.

8. ಪುಟದ ಮೇಲೆ ಮಳೆಯ ಹೆಸರು ಹಾಕಿ

ತಾರೀಖಿನ ಜೊತೆಗೆ ಯಾವ ಮಳೆ ನಡೆಯುತ್ತಿದೆ ಎಂದು ಬರೆಯಿರಿ. ಒಂದೊಂದು ಮಳೆನಕ್ಷತ್ರಕ್ಕೆ 13-14 ದಿನ. ಭರಣಿ ಏಪ್ರಿಲ್ ಕೊನೆಗೆ, ಮೃಗಶಿರಾ ಜೂನ್ ಎರಡನೇ ವಾರಕ್ಕೆ, ಸ್ವಾತಿ ಅಕ್ಟೋಬರ್ ಕೊನೆಗೆ ಹುಟ್ಟುತ್ತದೆ. ಮೂಲೆಯಲ್ಲಿ ಒಂದೇ ಸಾಲು: ‘ಆರಿದ್ರಾ, ಒಂದು ಹದ, ರಾಗಿ ಬಿತ್ತನೆ ಶುರು.’ ಎರಡು ಮೂರು ವರ್ಷದ ಪುಟಗಳನ್ನು ಎದುರುಬದುರು ಇಟ್ಟು ನೋಡಿದರೆ ಯಾವ ಮಳೆ ಕೈಹಿಡಿಯಿತು, ಯಾವುದು ಕೈಕೊಟ್ಟಿತು ಎಂದು ನಿಮ್ಮೂರಿನ ಮಟ್ಟಿಗೆ ನೀವೇ ಹೇಳಬಲ್ಲಿರಿ. 2022ರಲ್ಲಿ ಜಯಮಂಗಲಿ ನದಿ ದಡ ಮೀರಿ ಹರಿದಾಗ, ಕೆರೆಗಳು ಕೋಡಿ ಬಿದ್ದಾಗ, ಜನ ಬುತ್ತಿ ಕಟ್ಟಿಕೊಂಡು ನೀರು ನೋಡಲು ಹೋದರು. ಮಕ್ಕಳು ಮೊದಲ ಸಲ ಹೊಳೆಯ ಸದ್ದು ಕೇಳಿದರು. ಅದೇ ನೀರಿಗೆ ಬೆಳೆ ಕಳೆದುಕೊಂಡವರೂ ಇದ್ದರು. ಎರಡೂ ಒಂದೇ ಪುಟದಲ್ಲಿರಲಿ.

9. ಕಣ್ಮರೆಯಾಗುವುದನ್ನು ಮೊದಲು ಬರೆಯಿರಿ

ಪಾವಗಡದ ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತ ಸುಮಾರು 13,000 ಎಕರೆಯಲ್ಲಿ ಈಗ ಸೋಲಾರ್ ಪಾರ್ಕ್ ಇದೆ. 2018ರಲ್ಲಿ ಉದ್ಘಾಟನೆಯಾಯಿತು, ಸಾಮರ್ಥ್ಯ 2,050 ಮೆಗಾವಾಟ್. ಭೂಮಿಯನ್ನು ರೈತರಿಂದ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡಲೆಕಾಯಿ ಹಾಕಿ ಸೋತಿದ್ದ ಜಮೀನಿನ ಒಡೆಯರಿಗೆ ಇದೊಂದು ನೆಮ್ಮದಿ. ಭೂಮಿಯಿಲ್ಲದೆ ಕೂಲಿ ನಂಬಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆ ಮಾತು ಹೇಳಲು ಬರುವುದಿಲ್ಲ. ಲಾಭ ನಷ್ಟದ ಚರ್ಚೆ ನಡೆಯಲಿ. ಆದರೆ ನೀಲಿ ಹಲಗೆಗಳ ಕೆಳಗೆ ಯಾವ ಹೊಲವಿತ್ತು, ಅದಕ್ಕೆ ಏನು ಹೆಸರಿತ್ತು, ಬದುವಿನ ಮೇಲೆ ಯಾವ ಮರವಿತ್ತು, ಕುರಿ ಯಾವ ದಾರಿ ಹಿಡಿದು ನೀರಿಗೆ ಹೋಗುತ್ತಿದ್ದವು ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ. ಪ್ರತಿ ಹೊಲಕ್ಕೂ ನಮ್ಮವರು ಹೆಸರಿಟ್ಟಿದ್ದಾರೆ: ಬೇವಿನಮರದ ಹೊಲ, ಗುಂಡಿನ ಹೊಲ, ಕಟ್ಟೆ ಕೆಳಗಿನ ಹೊಲ. ನಿಮ್ಮ ಮನೆಯ ಹೊಲಗಳ ಹೆಸರನ್ನು ಇವತ್ತೇ ಪಟ್ಟಿ ಮಾಡಿ. ಹೆಸರು ಬಂದ ಕಾರಣವನ್ನೂ ಜೊತೆಗೆ ಬರೆಯಿರಿ.

ಇದು ದುಃಖದ ಕೆಲಸ ಅನ್ನಿಸಬಹುದು, ಮಾಡಿ ನೋಡಿ. ಒಂದು ಹೆಸರು ಹತ್ತು ನೆನಪು ಎಳೆದು ತರುತ್ತದೆ. ಅಣ್ಣತಮ್ಮಂದಿರು ಫೋನು ಮಾಡಿಕೊಂಡು ‘ಅಲ್ಲಿ ಜೇನು ಕಿತ್ತಿದ್ದು ನೆನಪಿದೆಯಾ’ ಎಂದು ಶುರುಮಾಡುತ್ತಾರೆ.

10. ವಾರಕ್ಕೊಮ್ಮೆ ಬರೆಯಿರಿ, ಬರೆದದ್ದನ್ನು ಓದಿ ಹೇಳಿ

ದಿನಾ ಬರೆಯುತ್ತೇನೆ ಎಂಬ ಶಪಥ ಬೇಡ. ರಾಬರ್ಟ್ ಎಮ್ಮನ್ಸ್ ಮತ್ತು ಮೈಕೆಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಜ್ಞತೆ ಹುಟ್ಟಿಸಿದ ಸಂಗತಿಗಳನ್ನು ಹತ್ತು ವಾರ, ವಾರಕ್ಕೊಮ್ಮೆ ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಮೂಡಿತ್ತು. ಸೋನ್ಯಾ ಲ್ಯುಬೊಮಿರ್ಸ್ಕಿಯವರ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಫಲ ಸಿಕ್ಕಿತು, ವಾರಕ್ಕೆ ಮೂರು ಸಲ ಬರೆದವರಿಗೆ ಸಿಗಲಿಲ್ಲ. ಹೆಚ್ಚಾದರೆ ಅದೂ ಹೋಂವರ್ಕ್ ಆಗಿಬಿಡುತ್ತದೆ.

ಭಾನುವಾರ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಇಟ್ಟುಕೊಳ್ಳಿ. ಬಲಪುಟದಲ್ಲಿ ಮಾತ್ರ ಬರೆಯಿರಿ, ಎಡಪುಟ ಖಾಲಿ ಬಿಡಿ. ಆಮೇಲೆ ಯಾರ ಬಗ್ಗೆ ಬರೆದಿರೋ ಅವರ ಮುಂದೆ ಕೂತು ಗಟ್ಟಿಯಾಗಿ ಓದಿ. ಅವರು ಸುಮ್ಮನೆ ಕೇಳುವುದಿಲ್ಲ. ‘ಥೂ, ಅದು ಕರೀ ಎತ್ತಲ್ಲ ಕಣೋ, ಮಾಸಲು’, ‘ಆ ವರ್ಷ ಅಲ್ಲ, ನಿಮ್ಮಕ್ಕ ಹುಟ್ಟಿದ ವರ್ಷ’ ಎಂದು ತಿದ್ದುತ್ತಾರೆ, ಬಿಟ್ಟುಹೋದದ್ದನ್ನು ಸೇರಿಸುತ್ತಾರೆ. ಅದನ್ನೆಲ್ಲ ಎಡಪುಟದಲ್ಲಿ, ಹೇಳಿದವರ ಹೆಸರಿನ ಸಮೇತ ಬರೆದುಕೊಳ್ಳಿ.